ಕೂತು ಮಾಡುವ ಕೆಲಸ

ಸಾಸ್ತಾನದ ಕಲ್ಯಾಣ ಮಂಟಪದ ಹಿಂದುಗಡೆ, ಅಡುಗೆ ಚಪ್ಪರದ ಮೂಲೆಯಲ್ಲಿ ರವಿಚಂದ್ರ ಹೊಳ್ಳ ಮೆಟ್ಟುಕತ್ತಿಯ ಮಣೆಯ ಮೇಲೆ ಕಾಲೂರಿ ಕೂತು ಸೌತೆಕಾಯಿ ಹೋಳು ಮಾಡುತ್ತಿದ್ದ. ಎದುರಿಗೆ ಬಾರ್ಕೂರಿನ ಜಲಜಕ್ಕ ಇನ್ನೊಂದು ಮೆಟ್ಟುಕತ್ತಿಯಲ್ಲಿ ಗುಳ್ಳ ಬದನೆ ಸೀಳಿ ನೀರಿಗೆ ಹಾಕುತ್ತಿದ್ದಳು. ಅವನ ಬೆನ್ನ ಹಿಂದೆ ಸಾಲಾಗಿ ಇಟ್ಟಿದ್ದ ಗ್ಯಾಸಿನ ಒಲೆಗಳು ಭುಸುಗುಡುತ್ತಿದ್ದವು. ಬೇಕೆಂದೇ ಅವನು ಆ ಕಡೆಗೆ ಬೆನ್ನು ಹಾಕಿ ಕೂತಿದ್ದ. ಕಣ್ಣನ್ನಾದರೆ ತಿರುಗಿಸಬಹುದು, ಕಿವಿಯನ್ನು ಏನು ಮಾಡುವುದು? ನೀರು ಕಾಯುವಾಗಿನ ಸಣ್ಣ ಸದ್ದು, ಅಕ್ಕಿ ಬಿದ್ದ ಮೇಲಿನ ಮೌನ, ಆಮೇಲೆ ತಳದಿಂದ ಎದ್ದು ಬರುವ ಕೊತಕೊತ, ಎಲ್ಲವೂ ಅವನಿಗೆ ನೋಡದೆಯೇ ಗೊತ್ತಾಗುತ್ತಿತ್ತು. ಕೊತಕೊತ ಶುರುವಾದ ಕೂಡಲೇ ಅವನ ಬಲಗೈಯ ಸುಟ್ಟ ಚರ್ಮ ತಾನಾಗಿಯೇ ಬಿಗಿಯುತ್ತಿತ್ತು.

“ಹ್ವಾಯ್ ಹೊಳ್ರೆ,” ಎಂದ ನಾಗು, ತೆಂಗಿನಕಾಯಿಯ ಮೂಟೆಯನ್ನು ಹೆಗಲ ಮೇಲೆ ಹೊತ್ತು ಹೋಗುತ್ತ. “ಮದಿಗೆ ಬಂದ ನೆಂಟ್ರ ಹಾಂಗೆ ಕೂಕಂಡಿದ್ರಿ. ಕಾಫಿ ತರ್ಕಾ?”

“ತಾ ಮರಾಯ. ಸಕ್ರಿ ಕಮ್ಮಿ ಇರ್ಲಿ,” ಎಂದು ರವಿಚಂದ್ರ ನಕ್ಕ. ನಗದಿದ್ದರೆ ಮಾತು ಇನ್ನೂ ಬೆಳೆಯುತ್ತದೆ ಎಂದು ಅವನಿಗೆ ಗೊತ್ತಿತ್ತು.

“ಅವ್ನ ಬಾಯಿಗೆ ಈ ಗುಳ್ಳ ತುಂಬ್ಸ್ಕ್ ಕಾಣಿ,” ಎಂದಳು ಜಲಜಕ್ಕ. “ಅಲ್ಲ ಹೊಳ್ರೆ, ಇದೂ ಕೆಲ್ಸವೇ ಅಲ್ದಾ? ಹೋಳ್ ಇಲ್ದೆ ಹುಳಿ ಆತ್ತಾ? ಇಷ್ಟ್ ವರ್ಷ ನಾ ಇಲ್ಲೇ ಕೂಕಂಡಿದ್ದೆ, ನಂಗೆ ಯಾರೂ ನೆಂಟ್ರ್ ಅಂದಿಲ್ಲೆ.”

ಅನ್ನದ ಕೊಪ್ಪರಿಗೆ ಹಿಡಿಯುವವನು ತಂಡದಲ್ಲಿ ಒಂದು ಮೆಟ್ಟಿಲು ಮೇಲೆ, ಹೋಳು ಮಾಡುವವನು ಕೆಳಗೆ. ಹೇಳಿಕೊಳ್ಳದಿದ್ದರೂ ಎಲ್ಲರಿಗೂ ಗೊತ್ತಿದ್ದ ಮಾತು ಅದು. ಅವನು ಇನ್ನೊಂದು ಸೌತೆಕಾಯಿಯನ್ನು ಕತ್ತಿಯ ಬಾಯಿಗೆ ಒತ್ತಿದ.

“ನಿಲ್ಸಿ,” ಎಂದಳು ಜಲಜಕ್ಕ ತಟ್ಟನೆ. “ಸೌತೆಕಾಯಿಗೆ ಕೆಂಪ್ ಎಲ್ಲಿಂದ ಬಂತ್?”

ಅವನು ಕೆಳಗೆ ನೋಡಿದ. ಬಿಳಿ ಹೋಳುಗಳ ಮೇಲೆ ರಕ್ತ. ಬಲಗೈಯ ಕಿರುಬೆರಳಿನ ಬದಿ ಉದ್ದಕ್ಕೆ ಸೀಳಿತ್ತು. ನೋಡಿದ ಮೇಲೂ ನೋವಿಲ್ಲ, ಉರಿಯಿಲ್ಲ. ಯಾರದೋ ಬೆರಳನ್ನು ನೋಡುತ್ತಿದ್ದ ಹಾಗಿತ್ತು. ಅವನು ಅವಸರವಾಗಿ ಕೈಯನ್ನು ಹೆಗಲ ಮೇಲಿನ ಬೈರಾಸಿನೊಳಗೆ ಸುತ್ತಿಕೊಂಡ.

“ಗೊತ್ತಾಯ್ಲಿಲ್ಯಾ ನಿಮ್ಗೆ?”

“ಗೊತ್ತಾಯ್ತ್. ಸಣ್ಣ ಗಾಯ ಅಂದ್ಹೇಳಿ ಸುಮ್ನಾದೆ.”

“ಸುಳ್ ಹೇಳ್ಬೇಡಿ. ನಾ ನಿಮ್ಮ ಮುಖವೇ ಕಾಣ್ತಾ ಇದ್ದೆ. ಕಣ್ಣಿನ ರೆಪ್ಪೆ ಸಹ ಆಡ್ಲಿಲ್ಲೆ.”

ರವಿಚಂದ್ರ ಸುತ್ತ ನೋಡಿದ. ಯಾರೂ ಗಮನಿಸಿದಂತಿರಲಿಲ್ಲ. “ಜಲಜಕ್ಕ, ಉಡುಪ್ರಿಗೆ ಹೇಳ್ಬೇಡಿ,” ಎಂದ. ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಅವಳು ರಕ್ತ ತಾಗಿದ ಹೋಳುಗಳನ್ನೆಲ್ಲ ಬಳಿದು ಸಿಪ್ಪೆಯ ಬುಟ್ಟಿಗೆ ಹಾಕಿದಳು. ಮೆಟ್ಟುಕತ್ತಿ ತೊಳೆದು ಕೊಟ್ಟಳು. “ನಾ ಎಂತಕೆ ಹೇಳ್ಲಿ? ಹೇಳ್ಕಾದವ್ರ್ ನಾನಲ್ಲ,” ಎಂದು ಮತ್ತೆ ಬದನೆ ಸೀಳತೊಡಗಿದಳು.

ವಾಸುದೇವ ಉಡುಪರ ಅಡುಗೆಯ ತಂಡಕ್ಕೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆಸರಿತ್ತು. ಆ ಹೆಸರು ಬಂದದ್ದು ರುಚಿಯಿಂದ ಎಷ್ಟೋ ಮಡಿಯಿಂದಲೂ ಅಷ್ಟೇ. ದೇವಸ್ಥಾನಗಳ ಸಂತರ್ಪಣೆಗೆ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದುದು ಅದಕ್ಕೆ. ಅವರ ಅಡುಗೆಮನೆಯಲ್ಲಿ ಒಂದು ಕ್ರಮವಿತ್ತು: ಒಲೆಯ ಮೇಲಿನ ಕೊಪ್ಪರಿಗೆಯನ್ನು ಹಿಡಿಯುವ ಬಟ್ಟೆಯನ್ನು ಬಾವಿಯ ನೀರಿನಲ್ಲಿ ಅದ್ದಿ ಹಿಂಡಿಯೇ ಹಿಡಿಯಬೇಕು. ಒಣಬಟ್ಟೆ ಯಾರು ಮುಟ್ಟಿದ್ದೋ, ಗೋಣಿ ಎಲ್ಲಿ ಬಿದ್ದದ್ದೋ, ಅವು ಮೈಲಿಗೆ. ಒದ್ದೆ ಬಟ್ಟೆ ಬಿಸಿಯನ್ನು ತಡೆಯುವುದಿಲ್ಲ, ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ಒಲೆಯ ಮುಂದೆ ಬೆಳೆದವರಿಗೆಲ್ಲ ಗೊತ್ತು. ಹಾಗಾಗಿ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಬಟ್ಟೆ ಕಾಯುವುದರೊಳಗೆ ಕೆಲಸ ಮುಗಿಸಬೇಕು. ಇಬ್ಬರು ಎರಡು ಕಡೆಯ ಹಿಡಿಬಳೆ ಹಿಡಿದು ಎತ್ತಿ, ಬಿದಿರ ಬುಟ್ಟಿಯ ಮೇಲೆ ಬಾಗಿಸಿ, ಗಂಜಿ ಬಸಿದು, ಕೆಳಗಿಟ್ಟರೆ ಆಯಿತು. ಒಂದು ಉಸಿರಿನ ಕೆಲಸ. ವರ್ಷಗಟ್ಟಲೆ ರವಿಚಂದ್ರ ಮತ್ತು ನಾಗು ಅದನ್ನು ಒಂದೇ ಉಸಿರಿನಲ್ಲಿ ಮಾಡಿದ್ದರು.

ಕಳೆದ ಬೇಸಿಗೆಯ ಒಂದು ಸಂತರ್ಪಣೆಯಲ್ಲಿ, ಅವರು ಎತ್ತಿದ ಮೇಲೆ ಬುಟ್ಟಿ ಸರಿಯಾದ ಜಾಗದಲ್ಲಿ ಇಲ್ಲದಿರುವುದು ಕಂಡಿತು. ಯಾರೋ ಓಡಿ ಬಂದು ಸರಿಸುವವರೆಗೆ ಹಿಡಿದುಕೊಂಡೇ ನಿಲ್ಲಬೇಕಾಯಿತು. ಬಟ್ಟೆಯೊಳಗಿಂದ ಉಗಿ ಎದ್ದಿತು. ರವಿಚಂದ್ರನ ಕೈ ಅವನನ್ನು ಕೇಳದೆಯೇ ಬಿಟ್ಟುಬಿಟ್ಟಿತು. ಕುದಿಯುವ ಗಂಜಿ ಅವನ ಬಲಗೈಯ ಮೇಲೆ, ತೊಡೆಯ ಮೇಲೆ ಸುರಿಯಿತು. ನಾಗು ಹಿಂದಕ್ಕೆ ಹಾರಿ ಉಳಿದುಕೊಂಡ.

ಉಡುಪರು ಕುಂದಾಪುರದ ಆಸ್ಪತ್ರೆಗೆ ಹಲವು ಸಲ ಬಂದರು, ಖರ್ಚಿಗೂ ಒದಗಿದರು. ಮಂಚದ ಬದಿಯಲ್ಲಿ ಕೂತು, “ಕೈ ಜಾರೂದ್ ಯಾರಿಗೂ ಇತ್ತ್ ರವಿ. ಜೀವ ಉಳೀತಲ್ಲ,” ಎಂದರು. ತಂಡದವರೂ ಹಾಗೆಯೇ ಹೇಳುತ್ತಿದ್ದರು: ರವಿಯ ಕೈ ಜಾರಿತು. ಬಟ್ಟೆಯ ಮಾತನ್ನು ಯಾರೂ ಎತ್ತಲಿಲ್ಲ. ಕೇಳಿ ಕೇಳಿ ರವಿಚಂದ್ರನಿಗೂ ಅದು ತನ್ನ ಕೈಯ ತಪ್ಪೇ ಇರಬೇಕು ಅನ್ನಿಸತೊಡಗಿತ್ತು.

ಮನೆಗೆ ಕಳುಹಿಸುವಾಗ ಡಾಕ್ಟರು, “ಕೆಲವು ತಿಂಗಳು ಹಗುರ ಕೆಲಸ ಮಾತ್ರ. ಭಾರ ಎತ್ತಬಾರದು, ಬೆಂಕಿಯ ಹತ್ತಿರ ಹೋಗಬಾರದು. ಕೊನೆಯ ಎರಡು ಬೆರಳುಗಳಿಗೆ ಸ್ಪರ್ಶ ಯಾವಾಗ ಬರುತ್ತದೋ ಹೇಳಲಾರೆ,” ಎಂದಿದ್ದರು. ಹಗುರ ಕೆಲಸದ ಮಾತನ್ನು ರವಿಚಂದ್ರ ಉಡುಪರಿಗೆ ಮುಟ್ಟಿಸಿದ. ಬೆರಳಿನ ಮಾತನ್ನು ಮುಟ್ಟಿಸಲಿಲ್ಲ. “ಸರಿ, ಕೂತ್ ಮಾಡೂ ಕೆಲ್ಸ ಮಾಡ್. ಕೈ ಹ್ಯಾಂಗಿತ್?” ಎಂದು ಅವರು ಕೇಳಿದಾಗ, “ಈಗ ಅಡ್ಡಿಲ್ಲೆ,” ಎಂದುಬಿಟ್ಟ. ಮುಂದೆ ಕೇಳಿದವರಿಗೆಲ್ಲ ಅದೇ ಮಾತು.

ಅವನಿಗೆ ಶೀನ ಮಯ್ಯರ ನೆನಪಿತ್ತು. ಒಂದು ಕಾಲದಲ್ಲಿ ಉಡುಪರ ಬಲಗೈಯಾಗಿದ್ದವರು. ಸೊಂಟ ಹಿಡಿದ ಮೇಲೆ ಅವರೂ ಕೂತು ಮಾಡುವ ಕೆಲಸಕ್ಕೆ ಬಂದರು. ಆಮೇಲೆ ಎಲೆ ಒರೆಸುವುದಕ್ಕೆ. ಆಮೇಲೊಂದು ಸೀಸನ್ನಿನಲ್ಲಿ ಅವರಿಗೆ ಫೋನೇ ಹೋಗಲಿಲ್ಲ. ಯಾರೂ ಅವರನ್ನು ಬಿಡಿಸಲಿಲ್ಲ, ಬೈಯಲಿಲ್ಲ. ಅವರು ಸುಮ್ಮನೆ ಮರೆತುಹೋದರು. ಉಡುಪರ ತಂಡದಲ್ಲಿ ಕೆಲಸ ಹೋಗುವುದು ಹಾಗೆಯೇ. ಕಾರ್ಯಕ್ರಮದ ಹಿಂದಿನ ದಿನ ಫೋನು ಬಂದರೆ ಕೆಲಸ ಉಂಟು, ಬರದಿದ್ದರೆ ಇಲ್ಲ. ಈಗ ಫೋನು ಮೊಳಗಿದರೂ ರವಿಚಂದ್ರನಿಗೆ ಎದೆ ಹೊಡೆದುಕೊಳ್ಳುತ್ತಿತ್ತು, ಮೊಳಗದಿದ್ದರೂ ಹೊಡೆದುಕೊಳ್ಳುತ್ತಿತ್ತು.

ಸಾಸ್ತಾನದಿಂದ ಬಂದ ಮರುದಿನ ಬೆಳಿಗ್ಗೆ ಅವನು ಒಲೆಯ ಪಕ್ಕ ನಿಂತು ಹೆಂಡತಿ ವಿನಯಾಳ ಜೊತೆ ಮಾತಾಡುತ್ತಿದ್ದ. ಮಾತಿನ ನಡುವೆ ಅವಳು ಮೂಗು ಅರಳಿಸಿದಳು. “ಎಂತ ಸುಟ್ಟ ವಾಸ್ನೆ?” ಎಂದು ತಿರುಗಿದವಳು ಅವನ ಕೈಯನ್ನು ಎಳೆದು ದೂರ ಮಾಡಿದಳು. ಅವನ ಕಿರುಬೆರಳು ದೋಸೆ ಕಾವಲಿಯ ಅಂಚಿಗೆ ತಾಗಿಕೊಂಡಿತ್ತು.

ಅವಳು ಬೆರಳನ್ನು ನಳ್ಳಿಯ ನೀರಿನ ಕೆಳಗೆ ಹಿಡಿದಳು.

“ನಾಗುಗೆ ಹೇಳಿದ್ರ್ಯಾ?” ಎಂದಳು.

“ಅವ್ನಿಗೆ ಎಂತಕೆ? ನಾ ಈಗ ಕೊಪ್ಪರಿಗೆ ಹಿಡೀತಿಲ್ಲೆ ಅಲ್ದಾ.”

“ಒಂದಿನ ಹಿಡೀ ಅಂತ್ರ್. ಆಗ ಎಂತ ಮಾಡ್ತ್ರಿ?”

“ಹೇಳಿರೆ ಕರೂದಿಲ್ಲೆ ವಿನಯಾ. ಮಯ್ಯರ ಹಾಂಗೆ ಆತ್ತ್. ಆಮೇಲೆ ಈ ಕೈ ಇಟ್ಕಂಡ್ ಎಲ್ಲಿಗೆ ಹೋಪುದ್? ನಂಗೆ ಬೇರೆ ಎಂತ ಬತ್ತ್?”

“ನೀವ್ ಹೆದ್ರೂದ್ ತಪ್ಪಲ್ಲ,” ಎಂದಳು ಅವಳು, ಬೆರಳಿಗೆ ಮುಲಾಮು ಸವರುತ್ತ. “ನಂಗೂ ಹೆದ್ರಿಕೆ. ಆದ್ರೆ ನಿಮ್ ಎದುರ್ ನಿಂತವ್ನಿಗೆ ಹೆದ್ರೂಕೂ ಗೊತ್ತಿಲ್ಲೆ ಅಲ್ದಾ? ಅವ್ನಿಗೆ ನಿಮ್ ಕೈ ಸಮಾ ಇತ್ತ್ ಅಂದೇ ಲೆಕ್ಕ.”

ಆ ಮಾತು ಅವನೊಳಗೆ ಮುಳ್ಳಿನಂತೆ ಉಳಿಯಿತು. ಅಂದು ಸಂಜೆ ಹಿತ್ತಲಿನಲ್ಲಿ ಯಾರೂ ಇಲ್ಲದಾಗ ಅವನು ಒಂದು ಕೊಡಪಾನ ನೀರು ತುಂಬಿ ಬಲಗೈಯಲ್ಲಿ ಎತ್ತಿ ನಿಂತ. ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೊಡ ನೆಲಕ್ಕೆ ಬಿದ್ದು ಉರುಳಿತು. ಬೀಳುವ ಮುಂಚೆ ಬೀಳುತ್ತದೆ ಎಂದು ಕೈ ಅವನಿಗೆ ಹೇಳಿರಲೇ ಇಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು. ನೋವಾದರೆ ತಾಳಿಕೊಳ್ಳಬಹುದು. ಸುಳ್ಳು ಹೇಳುವ ಕೈಯನ್ನು ನಂಬುವುದು ಹೇಗೆ?

ನಾಳೆ ಉಡುಪರಿಗೆ ಹೇಳಿಬಿಡುತ್ತೇನೆ ಎಂದು ಅವನು ಅಂದುಕೊಂಡ. ಆದರೆ ಮರುದಿನ ಉಡುಪರ ಫೋನು ಬಂದಾಗ, “ಬತ್ತೆ,” ಎಂದು ಮಾತ್ರ ಹೇಳಿ ಇಟ್ಟ.

ಬಾರ್ಕೂರಿನ ಹೊಳೆಯ ಬದಿಯ ದೊಡ್ಡ ಮನೆಯಲ್ಲಿ ಮದುವೆ. ಹೋಗುವಾಗ ವ್ಯಾನಿನಲ್ಲಿ ನಾಗು ಅವನ ಪಕ್ಕದಲ್ಲೇ ಕೂತ. ದಾರಿಯುದ್ದಕ್ಕೂ ಹರಟಿದ. ನಡುವೆ ನಾಗುವಿನ ಮಗಳು ಸುರಕ್ಷಾ ಶಾಲೆಗೆ ಹೊರಡುವ ಮೊದಲು ಫೋನು ಮಾಡಿ, “ಅಪ್ಪಯ್ಯ, ಬಪ್ಪತಿಗೆ ಮದಿಮನಿ ಹೋಳ್ಗೆ ತಾ,” ಎಂದಳು. “ಹೋಳ್ಗೆ ಮಾಡೂದ್ ಹೊಳ್ರ್ ಮಾವ, ಅವ್ರನ್ನೇ ಕೇಣ್,” ಎಂದು ನಾಗು ಫೋನನ್ನು ರವಿಚಂದ್ರನ ಕಿವಿಗೆ ಹಿಡಿದ. “ಮಾವ, ಕೈ ಗುಣ ಆಯ್ತಾ?” ಎಂದು ಆ ಕಡೆಯಿಂದ ಮಗು ಕೇಳಿತು.

“ಅಡ್ಡಿಲ್ಲೆ ಮಗಾ,” ಎಂದ ರವಿಚಂದ್ರ. ಆ ಎರಡು ಪದ ಇಷ್ಟು ಭಾರವಾಗಿ ಯಾವತ್ತೂ ನಾಲಿಗೆಯ ಮೇಲೆ ಕೂತಿರಲಿಲ್ಲ.

ಮದುವೆಮನೆಯಲ್ಲಿ ಅವನು ಕೂತು ಮಾಡುವ ಕೆಲಸ ಮುಗಿಸುವಷ್ಟರಲ್ಲಿ ಅಡುಗೆ ಅರ್ಧ ಆಗಿತ್ತು. ಅನ್ನದ ಮೊದಲ ಕೊಪ್ಪರಿಗೆಯನ್ನು ನಾಗುವೂ ಪ್ರಖ್ಯಾತನೂ ಬಸಿದಿದ್ದರು. ರವಿಚಂದ್ರನ ಬದಲಿಗೆ ಬಂದವನು ಪ್ರಖ್ಯಾತ್. ಮಾತು ಕಮ್ಮಿ, ತೋಳು ಮಾತ್ರ ಮರದ ಕೊಂಬೆ. ಎರಡನೆಯ ಕೊಪ್ಪರಿಗೆಯಲ್ಲಿ ಕೊತಕೊತ ಏರುತ್ತಿದ್ದಾಗ ಅವನ ಫೋನು ಮೊಳಗಿತು. ಕೇಳಿಸಿಕೊಂಡವನ ಮುಖ ಬಾಡಿತು. ಸಾಲಿಗ್ರಾಮದಲ್ಲಿದ್ದ ಅವನ ದೊಡ್ಡಪ್ಪ ತೀರಿಕೊಂಡಿದ್ದರು.

ಅವನು ಏನೂ ಮುಟ್ಟದೆ ಚಪ್ಪರದಿಂದ ಹೊರಗೆ ಹೋಗಿ ನಿಂತ. ಸೂತಕ ಬಂತು. ಇನ್ನು ಅವನು ಒಲೆಯ ಹತ್ತಿರ ಬರುವಂತಿರಲಿಲ್ಲ. ಅಷ್ಟು ಗಟ್ಟಿ ತೋಳುಗಳನ್ನು ಕಟ್ಟಿಕೊಂಡು, ಹೊರಗಿನ ಬಿಸಿಲಿನಲ್ಲಿ, ಯಾರಾದರೂ ಬಂದು ಕರೆದೊಯ್ಯುವುದನ್ನು ಕಾಯುತ್ತ ಅವನು ನಿಂತುಕೊಂಡ.

ಉಡುಪರು ಅವನ ಹತ್ತಿರ ಹೋಗಿ ನಾಲ್ಕು ಮಾತಾಡಿ ಬಂದರು. ಆಮೇಲೆ ಅವರ ಕಣ್ಣು ಚಪ್ಪರದ ತುಂಬ ಓಡಾಡಿತು. ಪಾಯಸ ತೊಳಸುತ್ತಿದ್ದವನು ಕೈ ಬಿಟ್ಟರೆ ತಳ ಹಿಡಿಯುತ್ತದೆ. ಉಳಿದವರು ಊಟದ ಪಂಕ್ತಿಗೆ ಎಲೆ ಹಾಕಲು ಹೋಗಿದ್ದರು. ಉಡುಪರಿಗೋ ವಯಸ್ಸಾಗಿತ್ತು, ಹರ್ನಿಯಾದ ಆಪರೇಶನ್ ಆದ ಮೇಲೆ ಭಾರ ಎತ್ತುವಂತಿರಲಿಲ್ಲ.

“ಬೇಕಾರೆ ನಾ ಹಿಡೀತೆ ಉಡುಪ್ರೆ,” ಎಂದಳು ಜಲಜಕ್ಕ.

“ಮಡಿ ಕೊಪ್ಪರಿಗೆ ನೀ ಹಿಡಿದ್ರೆ ಉಂಬೂಕೆ ಯಾರ್ ಕೂಕಂತ್ರ್ ಮಾರಾಯ್ತಿ,” ಎಂದು ಉಡುಪರು ಆ ಗಡಿಬಿಡಿಯಲ್ಲೂ ನಕ್ಕರು. ಆಮೇಲೆ ಅವರ ಕಣ್ಣು ಮೂಲೆಯಲ್ಲಿ ನಿಂತಿತು. “ರವಿ, ಬಾ. ಇದೊಂದ್ಸಲ. ಅನ್ನ ಬೆಂದ್ ಹೋತ್ತ್.”

ರವಿಚಂದ್ರ ಎದ್ದ. ಎದ್ದದ್ದು ಅವನಲ್ಲ, ಇಷ್ಟು ವರ್ಷ ಉಡುಪರು ಕರೆದಾಗೆಲ್ಲ ಎದ್ದ ಕಾಲುಗಳು.

“ಉಡುಪ್ರೆ, ಡಾಕ್ಟ್ರ್ ಭಾರ…”

“ಗೊತ್ತಿತ್ ಮರಾಯ. ಒಂದ್ ಉಸ್ರಿನ ಕೆಲ್ಸ. ನೀನೇ ಅಡ್ಡಿಲ್ಲೆ ಅಂದಿ ಅಲ್ದಾ?”

ಹೌದು, ಅವನೇ ಅಂದಿದ್ದ. ಜಲಜಕ್ಕ ಅವನನ್ನೇ ನೋಡುತ್ತಿದ್ದಳು.

ಉಡುಪರು ಒದ್ದೆ ಬಟ್ಟೆಯನ್ನು ಹಿಂಡಿ ಅವನ ಕೈಗೆ ಕೊಟ್ಟರು. ಅದರ ತಂಪು ಅವನ ಅಂಗೈಗೆ ತಾಗಿತು, ಎರಡು ಬೆರಳುಗಳಿಗೆ ತಾಗಲಿಲ್ಲ. ಒಲೆಯ ಹತ್ತಿರ ಹೋದಂತೆ ಭುಸುಗುಟ್ಟುವ ಸದ್ದು ಅವನ ಕಿವಿಯಲ್ಲಿ ಬೇರೆ ಏನೂ ಕೇಳದಂತೆ ತುಂಬಿಕೊಂಡಿತು. ಉಗಿ ಮುಖಕ್ಕೆ ಹೊಡೆಯಿತು. ತೊಡೆಯ ಮೇಲಿನ ಹಳೆಯ ಗಾಯ, ಯಾವಾಗಲೋ ಮಾಗಿದ್ದು, ಮತ್ತೆ ಉರಿದಂತಾಯಿತು.

“ಬನ್ನಿ ಹೊಳ್ರೆ,” ಎಂದ ನಾಗು ಆ ಕಡೆಯ ಬಳೆ ಹಿಡಿದು. “ನೆಂಟ್ರ್ ಎದ್ದ್ ಬಂದ್ರ್. ಈಗ ನಂಗೂ ಧೈರ್ಯ ಬಂತ್ ಕಾಣಿ.” ಅದರಲ್ಲಿ ತಮಾಷೆ ಅರ್ಧ. ಉಳಿದರ್ಧ ನಿಜವಾಗಿಯೂ ಸಂತೋಷ. ಅದು ರವಿಚಂದ್ರನಿಗೆ ಗೊತ್ತಾಯಿತು.

ಇಬ್ಬರೂ ಬಾಗಿದರು. “ಹೂಂ,” ಎಂದ ನಾಗು. ಕೊಪ್ಪರಿಗೆ ಮೇಲೆದ್ದಿತು.

ಕೊಪ್ಪರಿಗೆ ಹಿಡಿದವನು ತನ್ನ ಕೈ ನೋಡಬಾರದು, ಎದುರಿನವನ ಕಣ್ಣು ನೋಡಬೇಕು. ಉಡುಪರು ಹೊಸಬರಿಗೆ ಕಲಿಸುವ ಮೊದಲ ಪಾಠ ಅದು. ನಾಗು ಅವನ ಕಣ್ಣನ್ನೇ ನೋಡುತ್ತಿದ್ದ, ಎಂದಿನಂತೆ, ಯಾವ ಅನುಮಾನವೂ ಇಲ್ಲದೆ. ರವಿಚಂದ್ರ ಮಾತ್ರ ತನ್ನ ಕೈಯನ್ನು ನೋಡುತ್ತಿದ್ದ. ನೋಡದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಬಟ್ಟೆಯ ಕೆಳಗೆ ಕಿರುಬೆರಳು ಬಳೆಯಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತಿತ್ತು. ಅದರ ಹಿಂದೆಯೇ ಉಂಗುರದ ಬೆರಳು. ಕುದಿಯುವ ಗಂಜಿಯ ಮೇಲ್ಮೈ ನಾಗುವಿನ ಕಡೆಗೆ ಒಂದಿಷ್ಟು ವಾಲಿತು.

“ಇಳ್ಸ್,” ಎಂದ ರವಿಚಂದ್ರ.

“ಎಂತ?”

“ಇಳ್ಸ್ ನಾಗು. ಈಗ್ಲೇ.”

ಕೊಪ್ಪರಿಗೆ ದಡ್ಡೆಂದು ಒಲೆಯ ಮೇಲೆ ಕೂತಿತು. ಅಂಚಿನಿಂದ ಗಂಜಿ ಉಕ್ಕಿ ಬೆಂಕಿಯ ಮೇಲೆ ಬಿದ್ದು ಚುಂಯ್ ಎಂದಿತು. ಯಾರ ಮೇಲೂ ಬೀಳಲಿಲ್ಲ.

“ಎಂತ ಆಟ ಇದ್?” ನಾಗುವಿನ ದನಿ ಏರಿತು. “ಎತ್ತಿದ್ ಮೇಲೆ ಇಳ್ಸೂದಾ? ನನ್ ಕಾಲ್ ಮೇಲೆ ಹಾಕ್ತಿದ್ಯಾ?”

“ಹೌದು. ಹಾಕ್ತಿದ್ದೆ,” ಎಂದ ರವಿಚಂದ್ರ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಶೀನ ಮಯ್ಯರು ತಮ್ಮ ಮನೆಯ ಜಗಲಿಯಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದುದು ಕಣ್ಣಿಗೆ ಬಂತು. “ಈ ಎರಡ್ ಬೆರಳಿಗೆ ಎಂತದೂ ಗೊತ್ತಾತಿಲ್ಲೆ ಉಡುಪ್ರೆ. ಬೆಸಿ ಗೊತ್ತಿಲ್ಲೆ, ತಣ್ಣ ಗೊತ್ತಿಲ್ಲೆ. ಹಿಡಿದಿತ್ತೊ ಬಿಟ್ಟಿತ್ತೊ ಗೊತ್ತಿಲ್ಲೆ. ಅಡ್ಡಿಲ್ಲೆ ಅಂದದ್ದ್ ಸುಳ್ಳ್. ನನ್ನ ಕೈಯಂಗೆ ಆತಿಲ್ಲೆ.”

ನಾಗು ಸುತ್ತಿ ಬಂದು ಅವನ ಕೈ ಹಿಡಿದ. ಕಿರುಬೆರಳಿನ ತುದಿಯನ್ನು ಉಗುರಿನಿಂದ ಗಟ್ಟಿಯಾಗಿ ಒತ್ತಿದ.

“ನೋಯ್ತಾ?”

“ಒತ್ತೂಕೆ ಶುರು ಮಾಡಿದ್ಯಾ?” ಎಂದು ಕೇಳಿದ ರವಿಚಂದ್ರ, ಕಣ್ಣು ಮುಚ್ಚಿಕೊಂಡು.

ನಾಗು ಕೈ ಬಿಟ್ಟ. ಅವನ ಕಣ್ಣು ಕೊಪ್ಪರಿಗೆಯ ಕಡೆ ಹೋಯಿತು, ಆಮೇಲೆ ತನ್ನ ಬರಿಗಾಲುಗಳ ಕಡೆ. ಅವನ ಮುಖದ ಬಣ್ಣ ಇಳಿಯಿತು. “ಅಬ್ಬ, ದೇವ್ರೆ,” ಎಂದ ಸಣ್ಣ ದನಿಯಲ್ಲಿ.

“ಇಷ್ಟ್ ದಿನ ಎಂತಕೆ ಹೇಳ್ಲಿಲ್ಲೆ?” ಎಂದರು ಉಡುಪರು.

“ಹೇಳಿರೆ ನೀವ್ ಕರೂದಿಲ್ಲೆ ಅಂದ್ಹೇಳಿ.”

ಉಡುಪರು ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಪಂಚೆ ಎತ್ತಿ ಕಟ್ಟಿದರು. “ಆಯ್ತ್. ನಾನೇ ಹಿಡೀತೆ. ನಾಗು, ಆ ಬದಿ ಹೋಗ್.”

“ಇಲ್ಲೆ,” ಎಂದ ನಾಗು.

“ಎಂತ ಇಲ್ಲೆ?”

“ನಿಮ್ ಆಪರೇಶನ್ ಆದ್ ಹೊಟ್ಟಿ ಇಟ್ಕಂಡ್ ನೀವ್ ಹಿಡೂದೂ ಬೇಡ, ಈ ಒದ್ದೆ ಬಟ್ಟೆಯಂಗೆ ನಾ ಹಿಡೂದೂ ಬೇಡ. ಅವತ್ತ್ ರವಿ ಕೈ ಜಾರ್ಲಿಲ್ಲೆ ಉಡುಪ್ರೆ. ಬಟ್ಟೆ ಸುಟ್ಟದ್ದ್. ನನ್ ಕೈಯೂ ಸುಡ್ತಾ ಇತ್ತ್. ಇನ್ನೊಂದ್ ಗಳಿಗೆ ಆಗಿದ್ರೆ ನಾನೇ ಮೊದ್ಲ್ ಬಿಡ್ತಿದ್ದೆ. ಗೊತ್ತಿದ್ದೂ ನಾನೂ ಬಾಯ್ ಮುಚ್ಕಂಡೆ.”

“ಮಡಿ ಬಿಟ್ರೆ ದೇವಸ್ಥಾನದವ್ರ್ ಕರೀತ್ರಾ?” ಉಡುಪರ ದನಿ ಕೋಪದ್ದಲ್ಲ, ದಣಿದದ್ದು. “ನಿಮ್ಗೆಲ್ಲ ಕೆಲ್ಸ ಸಿಕ್ಕೂದೇ ಅದ್ರಿಂದ. ನಂಗೇನ್ ಖುಷಿಯಾ? ನನ್ನ ಅಪ್ಪಯ್ಯ ಹೀಂಗೇ ಹಿಡಿದದ್ದ್, ನಾನೂ ಹೀಂಗೇ ಹಿಡಿದದ್ದ್.” ಅವರು ಮಾತಾಡುತ್ತ ಕೈ ಚಾಚಿದ್ದರು. ಆ ಅಂಗೈಗಳ ಮೇಲೆ ಹಳೆಯ ಸುಟ್ಟ ಕಲೆಗಳು ಒಂದರ ಮೇಲೊಂದು ಹಬ್ಬಿ, ರೇಖೆಗಳೇ ಕಾಣುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದಾರೆಂದು ತಿಳಿದಾಗ ಅವರು ಕೈ ಹಿಂದಕ್ಕೆಳೆದುಕೊಂಡರು.

ಕೊತಕೊತ ಒಂದೇ ಸಮನೆ ನಡೆದಿತ್ತು. ಅನ್ನ ಅರಳಿ ಒಡೆಯುತ್ತಿದೆ ಎಂದು ಅಲ್ಲಿದ್ದವರಿಗೆಲ್ಲ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ಉಡುಪರು ಕೂಗಾಡುತ್ತಿದ್ದರು.

“ಗ್ಯಾಸ್ ಬಂದ್ ಮಾಡ್,” ಎಂದರು ಅವರು ಕೊನೆಗೆ. “ಉದ್ದ ಹಿ‍ಡಿಯ ಸೌಟ್ ತನ್ನಿ. ಗಂಜಿ ತೋಡಿ ತೆಗ್ಯುವ.”

“ಅನ್ನ ಮುದ್ದೆ ಆತ್ತ್,” ಎಂದ ಪಾಯಸದವನು.

“ಆಗ್ಲಿ.”

ನಾಗು ಸೌಟಿನಿಂದ ಗಂಜಿ ತೋಡಿದ. ರವಿಚಂದ್ರ ದೂರ ನಿಂತು ನೋಡಿದ. ಬಹಳ ಹೊತ್ತು ಹಿಡಿಯಿತು. ಹೊರಗೆ ನಿಂತಿದ್ದ ಪ್ರಖ್ಯಾತನನ್ನು ಮನೆಯವರು ಬಂದು ಬೈಕಿನಲ್ಲಿ ಕರೆದುಕೊಂಡು ಹೋದರು.

ಮೊದಲ ಪಂಕ್ತಿಗೆ ಒಳ್ಳೆಯ ಅನ್ನ ಹೋಯಿತು. ಎರಡನೆಯ ಪಂಕ್ತಿಯ ಊಟ ಅರ್ಧಕ್ಕೆ ಬಂದಾಗ ಮದುಮಗಳ ಸೋದರಮಾವ ಚಪ್ಪರದೊಳಗೆ ಬಂದರು. ಕೈ ಇನ್ನೂ ಎಂಜಲಾಗಿತ್ತು. ರವಿಚಂದ್ರ ತೆಂಗಿನಕಾಯಿ ಸಿಪ್ಪೆಯ ರಾಶಿಯ ಹಿಂದೆ ತಲೆ ತಗ್ಗಿಸಿ ಕೂತ.

“ಎಂತ ಉಡುಪ್ರೆ, ಬಡಿಸೂಕೆ ಪಾಯ್ಸ ಬೇರೆ ಬೇಡ ಅಂದ್ಹೇಳಿ ಅನ್ನವನ್ನೇ ಪಾಯ್ಸ ಮಾಡಿದ್ರ್ಯಾ? ನಿಮ್ ಹೆಸರ್ ಕೇಂಡ್ ಕರೆದದ್ದ್ ನಾವ್.”

ಈಗ ಹೇಳುತ್ತಾರೆ ಎಂದುಕೊಂಡ ರವಿಚಂದ್ರ. ನಮ್ಮವನೊಬ್ಬನ ಕೈ ಸರಿಯಿಲ್ಲ ಎನ್ನುತ್ತಾರೆ. ಆಮೇಲೆ ಈ ಊರಿನಿಂದ ಶಿರೂರಿನವರೆಗೆ ಆ ಮಾತು ಊಟದ ಎಲೆಯಿಂದ ಎಲೆಗೆ ಹೋಗುತ್ತದೆ.

ಉಡುಪರು ಕೈ ಮುಗಿದರು. ಅವರು ಯಾರ ಮುಂದಾದರೂ ಅಡುಗೆಯ ವಿಷಯಕ್ಕೆ ಕೈ ಮುಗಿದದ್ದನ್ನು ತಂಡದಲ್ಲಿ ಯಾರೂ ಕಂಡಿರಲಿಲ್ಲ.

“ತಪ್ಪ್ ನಂದ್,” ಎಂದರು. “ಕೊಪ್ಪರಿಗೆಗೆ ಜನ ಸಾಕಾಗ್ಲಿಲ್ಲೆ. ಹೆಚ್ಚ್ ಜನ ಇಟ್ಕಣ್ಕಿತ್ತ್, ಇಟ್ಕಣ್ಲಿಲ್ಲೆ. ಇದ್ದವ್ರ ಮೇಲೆ ಬೆಸಿ ಗಂಜಿ ಸುರೂದಕ್ಕಿಂತ ಅನ್ನ ಮುದ್ದೆ ಆಪುದ್ ವಾಸಿ ಅಂದ್ ಕಂಡ್ತ್ ನಂಗೆ. ಕ್ಷಮ್ಸ್ಕ್.”

ಸೋದರಮಾವ ಅವರ ಮುಖ ನೋಡಿ, ಏನೋ ಅನ್ನಬೇಕೆಂದಿದ್ದವರು, “ಅಡ್ಡಿಲ್ಲೆ, ಹುಳಿ ಲಾಯ್ಕ್ ಇತ್ತ್,” ಎಂದು ಕೈ ತೊಳೆಯಲು ಹೋದರು.

ಎಲ್ಲರದ್ದೂ ಆದ ಮೇಲೆ ಅಡುಗೆಯವರು ಊಟಕ್ಕೆ ಕೂತರು. ಉಳಿದದ್ದು ಮುದ್ದೆ ಅನ್ನವೇ. ಚಪ್ಪರದ ಕೊನೆಯಲ್ಲಿ ಜಲಜಕ್ಕ ತನ್ನ ಎಲೆ ಹಾಕಿಕೊಂಡು, “ಹಲ್ ಇಲ್ದವ್ರಿಗೆ ಇವತ್ತ್ ಹಬ್ಬ,” ಎಂದಳು. ನಾಗು ಸ್ವಲ್ಪ ಹೊತ್ತಿನ ಮೇಲೆ ಪಕ್ಕದವನಿಗೆ, “ನನ್ ಎಡ ಭುಜವೂ ಮಳೆಗಾಲದಿಂದ ಮೇಲೆ ಏಳ್ತಿಲ್ಲೆ ಮರಾಯ,” ಎಂದು ಹೇಳುವುದು ಕೇಳಿಸಿತು.

ಬಡಿಸಲು ಕೈ ಕಮ್ಮಿ ಇತ್ತು. ರವಿಚಂದ್ರ ಅನ್ನದ ಸಣ್ಣ ಪಾತ್ರೆಯನ್ನು ಎಡತೋಳಿಗೆ ಒತ್ತಿಕೊಂಡು ಬಲಗೈಯಲ್ಲಿ ಸೌಟು ಹಿಡಿದ. ಮೂರು ಬೆರಳುಗಳು ಸೌಟನ್ನು ಹಿಡಿದವು, ಎರಡು ಸುಮ್ಮನೆ ಜೊತೆಗಿದ್ದವು. ಇಷ್ಟು ದಿನ ಕೆಲಸ ಮುಗಿದ ಕೂಡಲೇ ಬೈರಾಸಿನ ಮರೆಗೆ ಹೋಗುತ್ತಿದ್ದ ಕೈ ಅದು. ಕೆಂಪಾಗಿ, ಮಿರುಗುತ್ತ, ಅಲ್ಲಲ್ಲಿ ಸೆಳೆದುಕೊಂಡಿದ್ದ ಅದರ ಚರ್ಮ ಒಬ್ಬೊಬ್ಬರ ಎಲೆಯ ಮುಂದೆಯೂ ಹಾದುಹೋಯಿತು.

ಅವನು ಉಡುಪರ ಎಲೆಯ ಮುಂದೆ ಬಂದ. ಅವರು ತಲೆಯೆತ್ತಿ ಅವನ ಮುಖ ನೋಡಲಿಲ್ಲ. ಆ ಕೈಯನ್ನೇ ನೋಡಿದರು. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿದ್ದಾಗ ನೋಡಿದ್ದರು. ಬರಿಗೈಯನ್ನು ಇಷ್ಟು ಹತ್ತಿರದಿಂದ ನೆಟ್ಟು ನೋಡಿದ್ದು ಇದೇ ಮೊದಲು.

“ನಾಳ್ದ್ ಶಿರೂರಂಗೆ ಸಂತರ್ಪಣೆ,” ಎಂದರು ಅವರು ಕೈಯಿಂದ ಕಣ್ಣು ತೆಗೆಯದೆ. “ಕೊಪ್ಪರಿಗೆಗೆ ನಾಲ್ಕ್ ಜನ ಬತ್ರ್. ಒಣ ಬಟ್ಟೆ ವಿಷ್ಯ ಅಲ್ಲಿಯವ್ರ್ ಹತ್ರ ನಾ ಮಾತಾಡ್ತೆ. ಒಪ್ತ್ರೊ ಇಲ್ಯೊ, ಕೇಂಡ್ ಕಾಣ್ಕ್.” ಎಲೆಯನ್ನು ಹತ್ತಿರ ಎಳೆದುಕೊಂಡರು. “ನೀ ಕೂತ್ ಮಾಡೂ ಕೆಲ್ಸಕ್ಕೆ ಬಾ. ಎಷ್ಟ್ ದಿನ ಅಂದ್ ಡಾಕ್ಟ್ರ್ ಹೇಳ್ಲಿ, ನಾ ಹೇಳೂದ್ ಬೇಡ.”

ರವಿಚಂದ್ರ ಒಂದು ಸೌಟು ಅನ್ನ ಬಡಿಸಿದ. ಅಂಟಿಕೊಂಡ ಮುದ್ದೆ ಎಲೆಯ ಮೇಲೆ ದೊಪ್ಪನೆ ಬಿತ್ತು. ಒಂದು ಅಗುಳು ಹೆಚ್ಚು ಬೆಂದರೂ ಎಲೆ ಮಡಚಿ ಏಳುತ್ತಿದ್ದ ಮನುಷ್ಯ ಉಡುಪರು. ಅವರು ಅದಕ್ಕೆ ಹುಳಿ ಕಲಸಿ ಒಂದು ತುತ್ತು ಬಾಯಿಗಿಟ್ಟರು, ನುಂಗಿದರು.

“ಇನ್ನೊಂದ್ ಸೌಟ್ ಹಾಕ್,” ಎಂದರು.